ಹಳೆಯ ದೋಣಿ, ಹಳೆಯ ಯಂತ್ರ ಕೊಳ್ಳಹೊರಟ ರೈತರಿಗೆ

ಪಂಚಗಂಗಾವಳಿಯ ನೀರಿನ ನಡುವೆ ಮನೆ ಮಾಡಿಕೊಂಡಿರುವ ಕುದ್ರುವಿನ ರೈತ ಬಂಧುಗಳಿಗೆ ದೋಣಿಯ ಮಹತ್ವವನ್ನು ನಾನು ಹೇಳಬೇಕಾದುದಿಲ್ಲ. ಬೆಳಗಿನ ಹಾಲು ಡೈರಿಗೆ ಮುಟ್ಟುವುದು, ತೆಂಗಿನಕಾಯಿ ಪೇಟೆಗೆ ಹೋಗುವುದು, ಗೊಬ್ಬರ ಮತ್ತು ಬೈಹುಲ್ಲು ಮನೆಗೆ ಬರುವುದು ಎಲ್ಲವೂ ದೋಣಿಯಿಂದಲೇ. ಹುಟ್ಟು ಹಾಕುವ ಹಿರಿಯರಿಗೆ ತೋಳು ಸೋಲುತ್ತಿದೆ, ಮಕ್ಕಳು ಕೆಲಸಕ್ಕೆಂದು ಊರು ಬಿಟ್ಟಿದ್ದಾರೆ. ಹೀಗಿರಲು, ಬಂದರಿನಲ್ಲಿ ಹಳೆಯ ದೋಣಿಯನ್ನೋ ಯಂತ್ರವನ್ನೋ ಅಗ್ಗವಾಗಿ ಕೊಳ್ಳಬಹುದೇ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಕೊಳ್ಳಬಹುದು. ಆದರೆ ಹೇಗೆ ನೋಡಿ ಕೊಳ್ಳಬೇಕೆಂಬುದನ್ನು ನಾನು ಪೆಟ್ಟು ತಿಂದು ಕಲಿತವನು. ಆದುದರಿಂದ ಮೊದಲು ಆ ಸಂಗತಿಯನ್ನೇ ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ಐದು ಮನೆಯವರು ಕೂಡಿ ದೋಣಿಯ ಹಿಂಬದಿಗೆ ಕಟ್ಟುವ ಹಳೆಯ ಸೀಮೆಎಣ್ಣೆ ಯಂತ್ರವೊಂದನ್ನು ಕೊಳ್ಳಲು ಹೊರಟರು. ಡಿಪ್ಲೊಮಾ ಓದಿದವನೆಂದು ನನ್ನನ್ನೂ ಕರೆದುಕೊಂಡು ಹೋದರು. ಮಾರುವವನು 30,000 ರೂಪಾಯಿ ಹೇಳಿದ. ನಾವು ಚೌಕಾಸಿ ಮಾಡಿ 22,000ಕ್ಕೆ ಇಳಿಸಿದೆವು. ಅವನು ಹಗ್ಗ ಎಳೆದ ಒಂದೇ ಸಲಕ್ಕೆ ಯಂತ್ರ ಹೊತ್ತಿತು. ಹೊಸ ಬಣ್ಣ ಮಿರಮಿರನೆ ಹೊಳೆಯುತ್ತಿತ್ತು. ಅದರ ಮೇಲೆ ಒಂದು ಸುರುಳಿ ಲಂಗರಿನ ಹಗ್ಗವನ್ನು ಪುಕ್ಕಟೆಯಾಗಿಯೂ ಕೊಟ್ಟ. ಗೆದ್ದೆವೆಂದುಕೊಂಡು ಮನೆಗೆ ಬಂದೆವು.

ಹತ್ತನೆಯ ದಿನ ಇಬ್ಬರು ನಾಲ್ಕು ಕ್ಯಾನು ಹಾಲು ತುಂಬಿಕೊಂಡು ಹೊರಟಿದ್ದಾಗ ನಡುಹೊಳೆಯಲ್ಲಿ ಯಂತ್ರ ನಿಂತಿತು. ಅದು ಇಳಿತದ ಹೊತ್ತು. ಸೆಳೆತಕ್ಕೆ ದೋಣಿ ಅಳಿವೆಯ ಕಡೆಗೆ ಜಾರತೊಡಗಿತು. ಲಂಗರು ಹಾಕಿದರೆ ಆ ಪುಕ್ಕಟೆ ಹಗ್ಗ ನಡುವೆಯೇ ತುಂಡಾಯಿತು. ಬಲೆ ಬಿಡುತ್ತಿದ್ದ ಒಬ್ಬರು ಕಂಡು ಹಗ್ಗ ಎಸೆದು ಎಳೆದು ತಂದುದರಿಂದ ಇಬ್ಬರೂ ಉಳಿದರು. ಹಾಲು ಮಾತ್ರ ಕೆಟ್ಟಿತು. ಮೆಕ್ಯಾನಿಕ್ ಯಂತ್ರದ ಮುಚ್ಚಳ ಬಿಚ್ಚಿದಾಗ ಚಕ್ರದ ಅಡಿಯಲ್ಲಿ ನಯವಾದ ಕೆಸರು ಕೂತಿತ್ತು. ಯಾವುದೋ ನೆರೆಯಲ್ಲಿ ಪೂರಾ ಮುಳುಗಿದ ಯಂತ್ರಕ್ಕೆ ಬಣ್ಣ ಬಳಿದು ನಮಗೆ ಮಾರಿದ್ದರು. ರಿಪೇರಿಗೆ ಮತ್ತೆ 11,000 ಆಯಿತು. ಮುಚ್ಚಳ ತೆಗೆದು ನೋಡಲು ಎರಡು ನಿಮಿಷ ಸಾಕಿತ್ತು. ಅದನ್ನು ಕೇಳದೆ ಬಂದ ತಪ್ಪು ನನ್ನದು.

ಯಂತ್ರ ನೋಡಲು ಹೋದಾಗ ಮಾತಿಗೆ ಮೊದಲು ಅದರ ಮೈಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಅದನ್ನು ಓಡಿಸಿ ಕಾಯಿಸಿದ್ದಾರೆಂದು ತಿಳಿಯಿರಿ. ಕಾದ ಯಂತ್ರ ಹೇಗಿದ್ದರೂ ಹೊತ್ತುತ್ತದೆ; ಅದರ ಸತ್ಯ ತಿಳಿಯುವುದು ತಣ್ಣಗಿರುವಾಗಲೇ. ನಾಳೆ ಬೆಳಿಗ್ಗೆ ಬರುತ್ತೇವೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಹೇಳಿ ಹಿಂದಿರುಗುವುದೇ ಲೇಸು. ಸೀಮೆಎಣ್ಣೆ ಯಂತ್ರವನ್ನು ಪೆಟ್ರೋಲಿನಲ್ಲಿ ಹೊತ್ತಿಸಿ ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ಕ್ರಮ. ಆದುದರಿಂದ ಪೆಟ್ರೋಲಿನಲ್ಲಿ ಓಡಿದ್ದನ್ನು ನೋಡಿ ತೃಪ್ತರಾಗಬಾರದು. ಸೀಮೆಎಣ್ಣೆಯಲ್ಲಿ ಕಾಲು ಗಂಟೆಯಾದರೂ ಓಡಲಿ.

ನೀರಿಲ್ಲದೆ ಓಡಿಸಲು ಬಿಡಬೇಡಿ. ನಮ್ಮ ಬಾವಿಯ ಪಂಪು ನೀರಿಲ್ಲದೆ ತಿರುಗಿದರೆ ಸೀಲು ಸುಡುವಂತೆ, ಈ ಯಂತ್ರಕ್ಕೆ ತಂಪಿನ ನೀರೆಳೆಯುವ ಪಂಪಿನೊಳಗಿನ ರಬ್ಬರು ಚಕ್ರವೂ ಬಲುಬೇಗ ಕೆಡುತ್ತದೆ. ಒಂದು ಡ್ರಮ್ಮಿನಲ್ಲಿ ನೀರು ತುಂಬಿ ಅದರಲ್ಲಿ ಕಾಲು ಮುಳುಗುವಂತೆ ನಿಲ್ಲಿಸಿ ಓಡಿಸಬೇಕು. ಆಗ ಪಕ್ಕದ ಸಣ್ಣ ತೂತಿನಿಂದ ನೀರು ಒಂದೇ ಸಮನೆ ಚಿಮ್ಮಬೇಕು. ಸೊರಗಿ ಸೊರಗಿ ಬಂದರೆ ಆ ರಬ್ಬರು ಸವೆದಿದೆ, ಇಲ್ಲವೆ ಒಳದಾರಿಯಲ್ಲಿ ಉಪ್ಪು ಕಟ್ಟಿದೆ. ರಬ್ಬರಾದರೆ ಸಣ್ಣ ಖರ್ಚು. ಉಪ್ಪಾದರೆ ಯಂತ್ರ ಬಿಚ್ಚುವ ಖರ್ಚು.

ಆಮೇಲೆ ಕೆಳಗಿನ ಗೇರುಪೆಟ್ಟಿಗೆ. ಅದರ ತಳದ ತಿರುಪನ್ನು ತುಸು ಸಡಿಲಿಸಿ ನಾಲ್ಕು ಹನಿ ಎಣ್ಣೆಯನ್ನು ಬೆರಳಿಗೆ ತೆಗೆದುಕೊಳ್ಳಿ. ಎಣ್ಣೆ ಮಜ್ಜಿಗೆಯಂತೆ ಬಿಳಿಚಿದ್ದರೆ ಒಳಕ್ಕೆ ನೀರು ಹೊಕ್ಕಿದೆ. ಬೆರಳುಗಳ ನಡುವೆ ಉಜ್ಜಿದಾಗ ಲೋಹದ ಪುಡಿ ಸಿಕ್ಕಿದರೆ ಹಲ್ಲುಗಳು ಸವೆಯುತ್ತಿವೆ. ಪ್ರೊಪೆಲ್ಲರನ್ನು ಹಿಡಿದು ಅಲುಗಾಡಿಸಿರಿ, ಹೆಚ್ಚು ಆಡಬಾರದು. ಯಂತ್ರದ ಕಾಲಿನಲ್ಲಿ ಸತುವಿನ ಒಂದು ಬಿಲ್ಲೆ ಇರುತ್ತದೆ. ಉಪ್ಪುನೀರು ಲೋಹವನ್ನು ತಿನ್ನುವಾಗ ಮೊದಲು ಸತುವನ್ನು ತಿಂದು ಯಂತ್ರದ ಮೈಯನ್ನು ಬಿಡಲಿ ಎಂದು ಅದನ್ನು ಇಟ್ಟಿರುತ್ತಾರೆ. ಆ ಬಿಲ್ಲೆ ಅರ್ಧ ಸವೆದಿದ್ದರೆ ಹೆದರಬೇಕಿಲ್ಲ, ಅದು ತನ್ನ ಕೆಲಸ ಮಾಡಿದೆ. ಬಿಲ್ಲೆಯ ಮೇಲೂ ಬಣ್ಣ ಬಳಿದಿದ್ದರೆ ಅದು ಇದ್ದೂ ಇಲ್ಲದಂತೆ.

ಇನ್ನು ದೋಣಿಯ ವಿಚಾರ. ಮರದ ದೋಣಿಗೆ ಎರಡು ಬಗೆಯ ಶತ್ರುಗಳು. ಮಳೆಯ ಸಿಹಿನೀರು ಮೂಲೆಯಲ್ಲಿ ನಿಂತರೆ ಮರ ಕೊಳೆಯುತ್ತದೆ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳು ಹೊಗುತ್ತದೆ. ಈ ಹುಳು ನಿಜಕ್ಕೂ ಹುಳುವಲ್ಲ, ಮಳಿಯ ಜಾತಿಗೆ ಸೇರಿದ ಚಿಪ್ಪುಜೀವಿ. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ತೂತಿನಿಂದ ಒಳಹೊಕ್ಕು, ಒಳಗೇ ಬೆಳೆದು ಬೆರಳು ದಪ್ಪದ ಸುರಂಗ ಕೊರೆಯುತ್ತದೆ. ಹೊರಗಿನಿಂದ ಹಲಗೆ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಕಣ್ಣನ್ನು ನಂಬದೆ ಕೀಲುಗಳ ಬಳಿ, ಮೊಳೆಗಳ ಸುತ್ತ, ನೀರು ಮುಟ್ಟುವ ಗೆರೆಯ ಉದ್ದಕ್ಕೂ ಚೂರಿಯ ಮೊನೆಯನ್ನು ಒತ್ತಿ ನೋಡಿ. ಗಟ್ಟಿಮರದಲ್ಲಿ ಮೊನೆ ನಿಲ್ಲುತ್ತದೆ, ಕೊಳೆತಲ್ಲಿ ಬೆಣ್ಣೆಯಂತೆ ಇಳಿಯುತ್ತದೆ. ಮಾರುವವನು ಇದಕ್ಕೆ ಒಪ್ಪದಿದ್ದರೆ ಉತ್ತರ ಸಿಕ್ಕಿದಂತೆಯೇ. ಮೊಳೆಗಳಿಂದ ತುಕ್ಕಿನ ಕಲೆ ಕೆಳಗಿಳಿದಿದ್ದರೆ ಒಳಗೆ ಮೊಳೆ ತೆಳುವಾಗಿದೆ. ಹುಳು ಹೊಗದಂತೆ ದೋಣಿಯನ್ನು ಆಗಾಗ ದಡಕ್ಕೆಳೆದು ಒಣಗಿಸುವ, ಸಿಹಿನೀರಿನಲ್ಲಿ ಕೆಲವು ವಾರ ನಿಲ್ಲಿಸುವ ನಮ್ಮವರ ಹಳೆಯ ಪದ್ಧತಿ ಶಾಸ್ತ್ರೀಯವಾಗಿಯೂ ಸರಿಯಾದುದು.

ಫೈಬರ್ ದೋಣಿಗೆ ಹುಳುವಿನ ಭಯವಿಲ್ಲ. ಆದರೆ ಅದರ ಪದರಗಳು ಒಳಗೇ ಬಿಟ್ಟುಕೊಳ್ಳುತ್ತವೆ. ಒಂದು ನಾಣ್ಯದಿಂದ ಗೇಣಿಗೊಂದು ಕಡೆ ತಟ್ಟುತ್ತಾ ಹೋಗಿರಿ. ಟಣ್ ಎಂದರೆ ಗಟ್ಟಿ. ಒಡೆದ ಮಡಕೆಯಂತೆ ಬೊದ್ದು ಸದ್ದು ಬಂದರೆ ಅಲ್ಲಿ ಪದರ ಬಿಟ್ಟಿದೆ. ಎಲ್ಲಕ್ಕಿಂತ ಮುಖ್ಯವಾದುದು ಯಂತ್ರ ಕಟ್ಟುವ ಹಿಂಬದಿಯ ಹಲಗೆ. ಹಲವು ದೋಣಿಗಳಲ್ಲಿ ಅದರ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಹೊಕ್ಕು ಅದು ಕೊಳೆತರೆ ಒಂದು ದಿನ ಯಂತ್ರವೇ ಕಳಚಿ ಹೊಳೆಗೆ ಬೀಳುತ್ತದೆ. ಯಂತ್ರವನ್ನು ಹಿಡಿದು ಹಿಂದೆಮುಂದೆ ಜಗ್ಗಿ, ಹಲಗೆ ಬಳುಕುವುದೇ ನೋಡಿ.

ಕೊನೆಗೆ ನೀರಿಗಿಳಿಸಿ ನೋಡಲೇಬೇಕು. ಗಂಗೊಳ್ಳಿ ಕಡೆಯ ಹಿರಿಯರೊಬ್ಬರು ನನಗೆ ಹೇಳಿದ ಮಾತು ಹೀಗಿತ್ತು: “ಒಣ ನೆಲದ್ ಮೇಲೆ ಎಲ್ಲ ದೋಣಿಯೂ ಒಳ್ಳೇದೇ ಮಾರಾಯ್ರೆ, ನೀರಿಗ್ ಹಾಕಿ ಕಾಣಿ.” ಬಹಳ ದಿನ ದಡದಲ್ಲಿದ್ದ ಮರದ ದೋಣಿ ಮೊದಲ ದಿನ ಸ್ವಲ್ಪ ಸೋರುವುದು ಸಹಜ, ಮರ ಹಿಗ್ಗಿದ ಮೇಲೂ ಸೋರಿದರೆ ಬಿಟ್ಟುಬಿಡಿ.

ಕೊಳ್ಳುವ ಕಾಲದ ಬಗ್ಗೆ ಒಂದು ಮಾತು. ನಮ್ಮ ಕರಾವಳಿಯಲ್ಲಿ ವರ್ಷವೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೇ ತಿಂಗಳ ಕೊನೆಗೆ ಮಾರುವವರಿಗೆ ಮಳೆಗೆ ಮುಂಚೆ ಸಾಮಾನು ಸಾಗಿಸುವ ಆತುರ, ಚಪ್ಪರ ಹಾಕಿ ಕಾಪಾಡುವ ಖರ್ಚಿನ ಚಿಂತೆ. ಆಗ ಮಾತಿಗೆ ಬಗ್ಗುತ್ತಾರೆ. ಜುಲೈ ಕೊನೆಗೆ ಹೋದರೆ ಎಲ್ಲರಿಗೂ ಬೇಕು, ಬೆಲೆ ನಿಮ್ಮ ಕೈಯಲ್ಲಿಲ್ಲ.

ಬಂದರಿನ ಗುಜರಿಯಲ್ಲಿ ಲಂಗರು, ರಾಟೆ, ತೇಲುಗುಂಡುಗಳನ್ನು ಧೈರ್ಯವಾಗಿ ಕೊಳ್ಳಬಹುದು. ತೂಕಕ್ಕೆ ಸಿಗುವ ಹಳೆಯ ನೈಲಾನ್ ಬಲೆ ತರಕಾರಿ ಸಾಲಿಗೆ ಬೇಲಿಯಾಗಲು ಬಹಳ ಒಳ್ಳೆಯದು, ನಮ್ಮಲ್ಲಿ ಹಲವರು ಈಗಾಗಲೇ ಕಟ್ಟಿದ್ದಾರೆ. ಸಣ್ಣ ಕಣ್ಣಿನ ಬಲೆಯಲ್ಲಿ ಕೇರೆಹಾವು ಸಿಕ್ಕಿ ಸಾಯುತ್ತದೆ. ಇಲಿ ಹಿಡಿಯುವ ಹಾವನ್ನು ಕಳೆದುಕೊಳ್ಳುವುದು ರೈತನಿಗೇ ನಷ್ಟ. ದೊಡ್ಡ ಕಣ್ಣಿನದನ್ನೇ ಆರಿಸಿರಿ. ಉಳಿದ ತುಂಡನ್ನು ಹೊಳೆಗೆ ಎಸೆಯಬೇಡಿ, ಅದು ನಾಳೆ ನಿಮ್ಮದೇ ಪ್ರೊಪೆಲ್ಲರಿಗೆ ಸುತ್ತುತ್ತದೆ.

ಹಗ್ಗ ಮತ್ತು ಜೀವರಕ್ಷಕ ಅಂಗಿಯನ್ನು ಮಾತ್ರ ಹಳೆಯದು ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಹಗ್ಗ ನೋಟಕ್ಕೆ ದಪ್ಪವಿದ್ದರೂ ಎಳೆಗಳು ಪುಡಿಯಾಗುತ್ತಿರುತ್ತವೆ. ಅಂಗಿಯೊಳಗಿನ ಫೋಮು ವರ್ಷಗಟ್ಟಲೆ ಅಮುಕಿ ಕೆಟ್ಟರೆ ತೇಲಿಸುವ ಶಕ್ತಿ ಕುಗ್ಗುತ್ತದೆ, ಅದು ಹೊರಗೆ ತಿಳಿಯುವುದಿಲ್ಲ. ಹಾಲಿನ ದೋಣಿಯಲ್ಲಿ ಎಷ್ಟು ಜನವೋ ಅಷ್ಟು ಹೊಸ ಅಂಗಿ ಇರಲಿ.

ಹಣ ಕೊಡುವ ಮುನ್ನ ಯಂತ್ರದ ಮೈಮೇಲಿನ ನಂಬರನ್ನು ಕಾಗದದೊಂದಿಗೆ ಹೋಲಿಸಿ. ನಂಬರು ಉಜ್ಜಿದ್ದರೆ ಅದು ಕದ್ದ ಮಾಲಿರಬಹುದು, ಎಷ್ಟು ಅಗ್ಗವಾದರೂ ಬೇಡ. ದೋಣಿಗೆ ನೋಂದಣಿಯಿದ್ದರೆ ಹೆಸರು ಬದಲಾಯಿಸಿಕೊಡುವುದಾಗಿ ಬರೆಸಿಕೊಂಡು, ಅಲ್ಲಿಯವರೆಗೆ ಸ್ವಲ್ಪ ಹಣ ಉಳಿಸಿಕೊಳ್ಳಿ. ಐದಾರು ಮನೆಯವರು ಕೂಡಿ ಕೊಳ್ಳುವುದಾದರೆ ಯಾರ ಪಾಲು ಎಷ್ಟು, ಕೆಟ್ಟರೆ ರಿಪೇರಿ ಯಾರದೆಂಬುದನ್ನೂ ಅದೇ ದಿನ ಬರೆದಿಡಿ.

ಬರುವ ಮೇ ತಿಂಗಳಲ್ಲಿ ಯಂತ್ರ ನೋಡಲು ಹೋಗುವವರು ಒಂದು ವಾರ ಮೊದಲು ತಿಳಿಸಿದರೆ ನಾನೂ ಜೊತೆಗೆ ಬರುತ್ತೇನೆ. ಒಂದು ಖಾಲಿ ಡ್ರಮ್ಮು, ಒಂದು ಚೂರಿ, ಒಂದು ತಿರುಪುಳಿ ತಂದರೆ ಸಾಕು.