ಗುಳಿಗಿ ಬಂದ ಸುದ್ದಿ

ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ತೇರು ಎಳೆದ ಮೇಲೆ ಚೊಳಚಗುಡ್ಡದ ಬಯಲಿಗೆ ವಾರಗಟ್ಟಲೆ ನಿದ್ದೆಯಿಲ್ಲ. ಒಂದು ಮಗ್ಗುಲಿಗೆ ಕಟ್ಟಿಗೆಯ ಬಾಗಿಲು, ಚೌಕಟ್ಟುಗಳು ಸಾಲುಗಟ್ಟಿ ನಿಂತಿರುತ್ತವೆ. ಮನೆ ಕಟ್ಟುವವರು ಅವನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ದರ ಕೇಳಿ ಮುಂದೆ ಹೋಗಿ ಮತ್ತೆ ತಿರುಗಿ ಬರುತ್ತಾರೆ. ಇನ್ನೊಂದು ಮಗ್ಗುಲಿಗೆ ನಾಟಕ ಕಂಪನಿಗಳ ತಗಡಿನ ಥಿಯೇಟರುಗಳು, ಮೈಕಿನಲ್ಲಿ ರಾತ್ರಿಯ ಆಟದ ಕೂಗು. ಹೊಂಡದ ಹತ್ತಿರ ಬುಟ್ಟಿ ಇಳಿಸಿ ಕೂತ ಅವ್ವಂದಿರು ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆಯ ಗಟ್ಟಿ ಮೊಸರು ಬಡಿಸುತ್ತಾರೆ. ಧೂಳು, ಮಿರ್ಚಿ ಭಜಿಯ ಎಣ್ಣೆವಾಸನೆ, ಪೀಪಿಯ ಸದ್ದು, ಕೈ ಬಿಡಿಸಿಕೊಂಡ ಮಗುವನ್ನು ಕರೆಯುವ ತಾಯಿ.

ಈ ಗದ್ದಲದ ಒಂದು ತಿರುವಿನಲ್ಲಿ ಗೀಗೀ ಮೇಳ ನಿಂತಿತ್ತು. ದಪ್ಪು ಹಿಡಿದವನು ಮುಂದೆ, ತುಂತುಣಿ ಮತ್ತು ತಾಳದವರು ಅವನ ಹಿಂದೆ. ಹರದೇಶಿ–ನಾಗೇಶಿ ವಾದದ ಧಾಟಿಯಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಶುರುವಾದ ಸವಾಲು ಮೆಲ್ಲಗೆ ಬೇರೆ ದಾರಿ ಹಿಡಿಯಿತು. ದುಡಿಯಲು ಗೋವಾಕ್ಕೆ, ಮುಂಬಯಿಗೆ ಹೋದ ಗಂಡ ಹಬ್ಬಕ್ಕೆ ಊರಿಗೆ ಬರುವಾಗ ಸೀರೆ, ಬಳೆಗಳ ಜೊತೆ ಇನ್ನೇನು ತಂದ ಎಂದು ಹಾಡುವಾಕೆ ಕೇಳಿದಳು. ಅಲ್ಲಿಯವರೆಗೆ ನಗುತ್ತಿದ್ದ ಜನ ಗಪ್ಪಾದರು. ಎಚ್‌ಐವಿ ಎಂಬ ಮಾತು ಬರುತ್ತಲೇ ಮೀಸೆ ಚಿಗುರುತ್ತಿದ್ದ ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಂಡು ಹಿಂದೆ ಸರಿದರು. ಹೆಣ್ಣುಮಕ್ಕಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು, ಆದರೆ ಕಾಲು ಕಿತ್ತು ಹೋಗಲಿಲ್ಲ. ನಿಂತು ಕೇಳಿದವರು ಹೆಚ್ಚಾಗಿ ಅವರೇ.

ಹಾಡು ಮುಗಿದಾಗ ಪಕ್ಕದ ಆರೋಗ್ಯ ಇಲಾಖೆಯ ಮಳಿಗೆಗೆ ಒಬ್ಬ ಅಜ್ಜಿ ಬಂದರು. ಮೇಜಿನ ಹಿಂದೆ ಕೂತಿದ್ದ ಆಪ್ತ ಸಮಾಲೋಚಕಿಗೆ ಅವರ ಮೊಮ್ಮಗಳ ವಯಸ್ಸಿರಬಹುದು.

"ತಂಗೀ, ಆ ರೋಗ ಹತ್ತಿದ್ರ ಮನಷ್ಯಾ ಉಳೀತಾನೇನ?"

"ಉಳೀತಾರಬೇ ಯವ್ವಾ. ದಿನಾ ಒಂದ ಗುಳಿಗಿ ತಪ್ಪದಂಗ ನುಂಗಬೇಕು. ಬಿಪಿ, ಶುಗರ್ ಇದ್ದವ್ರು ನುಂಗಂಗಿಲ್ಲೇನ, ಹಂಗ."

"ರೊಕ್ಕಾ ಎಷ್ಟ?"

"ಒಂದ ರೂಪಾಯಿನೂ ಇಲ್ಲ. ಸರಕಾರಿ ದವಾಖಾನ್ಯಾಗ ಪುಕ್ಕಟೆ ಕೊಡ್ತಾರ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮೂರಾಗ ಒಬ್ಬಾಕಿ ಸತ್ತಾಗ ಹೆಣಾ ಎತ್ತಾಕ ನಾಕ ಮಂದಿ ಬರ್ಲಿಲ್ಲವ್ವಾ" ಎಂದರು.

ಆ ಮಾತಿನ ಹಿಂದೆ ಈ ಸೀಮೆಯ ಒಂದು ಇಡೀ ಕಾಲವಿದೆ. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೋಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ ನಮ್ಮ ದೇಶದಲ್ಲಿ ಎಚ್‌ಐವಿ ಇರುವುದನ್ನು ಮೊದಲು ಪತ್ತೆ ಮಾಡಿದರು. ಮುಂದಿನ ವರ್ಷಗಳಲ್ಲಿ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ಕರ್ನಾಟಕದಲ್ಲೇ ಹೆಚ್ಚು ನೋವುಂಡ ಜಿಲ್ಲೆಗಳಾದವು. ಜನರ ಕೈಗೆಟುಕುವ ಔಷಧ ಆಗ ಇರಲಿಲ್ಲ. ಜಾಗೃತಿ ಎಂದರೆ ಹೆದರಿಸುವುದು ಎಂದೇ ನಂಬಿ ಆಸ್ಪತ್ರೆಯ ಗೋಡೆಗಳ ಮೇಲೆ ತಲೆಬುರುಡೆ ಬರೆಸಿದರು. ಆ ಹೆದರಿಕೆ ಒಂದೇ ಸುಗ್ಗಿಯಲ್ಲಿ ಊರೂರು ತಲುಪಿತು. ತಟ್ಟೆ ಬೇರೆಯಾಯಿತು, ಹಾಸಿಗೆ ದನದ ಕೊಟ್ಟಿಗೆಗೆ ಹೋಯಿತು, ವಿಧವೆ ಸೊಸೆ ತವರಿಗೆ ಮರಳಿದಳು.

2004ರ ಏಪ್ರಿಲ್ 1ರಿಂದ ಸರ್ಕಾರ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಔಷಧವನ್ನು ಉಚಿತವಾಗಿ ಕೊಡತೊಡಗಿತು. ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 2017ರಿಂದ ರೋಗನಿರೋಧಕ ಶಕ್ತಿ ಕುಗ್ಗುವವರೆಗೆ ಕಾಯಬೇಕಾಗಿಯೂ ಇಲ್ಲ. ಸೋಂಕು ಖಚಿತವಾದ ಕೂಡಲೇ ಚಿಕಿತ್ಸೆ. ಹೆಚ್ಚಿನವರಿಗೆ ಈಗ ದಿನಕ್ಕೊಂದೇ ಗುಳಿಗೆ. ಅದನ್ನು ಬಿಡದೆ ನುಂಗುತ್ತ ಬಂದವರ ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ದೈಹಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಇಷ್ಟು ದೊಡ್ಡ ಸಂಗತಿ ಡಿಸೆಂಬರ್ 1ರ ಏಡ್ಸ್ ದಿನದ ಜಾಥಾದ ಫಲಕಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅಪರೂಪ. ಶಾಲೆಯ ಮಕ್ಕಳು ಬಿಸಿಲಲ್ಲಿ ಘೋಷಣೆ ಕೂಗುತ್ತಾರೆ, ಅತಿಥಿಗಳು ಎದೆಗೆ ಕೆಂಪು ರಿಬ್ಬನ್ ಚುಚ್ಚಿಕೊಂಡು 'ಮಾರಕ ರೋಗ' ಎಂದೇ ಭಾಷಣ ಮಾಡುತ್ತಾರೆ. ಹೆದರಿಕೆ ತಲುಪಿದ ಮನೆಗಳಿಗೆಲ್ಲ ಗುಳಿಗಿ ಬಂದ ಸುದ್ದಿ ಇನ್ನೂ ತಲುಪಿಲ್ಲ ಎಂಬುದೇ ನನಗೆ ಕಾಣುವ ದೊಡ್ಡ ಕೊರತೆ.

ಮಳಿಗೆಯ ಹಿಂದೆ ಪರದೆ ಕಟ್ಟಿದ ಒಂದು ಮೂಲೆಯಿತ್ತು. ಹಸಿರು ಬಳೆ ತೊಟ್ಟ ಬಸುರಿಯೊಬ್ಬಳು ಅತ್ತೆಯ ಜೊತೆ ಬಂದಳು. ಸಮಾಲೋಚಕಿ ಅತ್ತೆಯನ್ನು ವಿನಯದಿಂದಲೇ ಹೊರಗೆ ಕೂಡಿಸಿದರು, ಹುಡುಗಿಯ ಒಪ್ಪಿಗೆ ಕೇಳಿದರು, ಆಮೇಲೆ ಬೆರಳ ತುದಿಗೆ ಸೂಜಿ. ಫಲಿತಾಂಶಕ್ಕೆ ಅರ್ಧ ಗಂಟೆಯಷ್ಟೂ ಬೇಡ. ಮೊದಲ ಪರೀಕ್ಷೆಯಲ್ಲಿ ಅನುಮಾನ ಬಂದರೂ ಅದೇ ಕೊನೆಯಲ್ಲ. ಬೇರೆ ಬೇರೆ ಮೂರು ಕಿಟ್‌ಗಳಲ್ಲಿ ನೋಡಿದ ಮೇಲೆಯೇ ಸೋಂಕಿದೆ ಎಂದು ಹೇಳುತ್ತಾರೆ. ತಾಯಿಗೆ ಸೋಂಕಿದ್ದರೂ ಮಗುವನ್ನು ಉಳಿಸಿಕೊಳ್ಳುವ ದಾರಿ ಇದೆ. ಏನೂ ಮಾಡದೆ ಬಿಟ್ಟರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲಬಹುದು. ತಾಯಿ ಗುಳಿಗೆ ನುಂಗಿ, ಹುಟ್ಟಿದ ಮಗುವಿಗೂ ಔಷಧ ಕೊಟ್ಟರೆ ಅದನ್ನು 5ಕ್ಕಿಂತ ಕಡಿಮೆಗೆ ಇಳಿಸಬಹುದು. ಮಗುವಿನ ರಕ್ತವನ್ನು ಆರನೇ ವಾರದಲ್ಲೇ ಮೊದಲು ನೋಡಿದರೂ ಕೊನೆಯ ತೀರ್ಮಾನ ಹದಿನೆಂಟು ತಿಂಗಳಿಗೆ. ಅಲ್ಲಿಯವರೆಗೆ ಆ ತಾಯಿ ಕಾಯುವ ಕಾಯುವಿಕೆಯನ್ನು ಯಾವ ಪೋಸ್ಟರೂ ಹೇಳುವುದಿಲ್ಲ.

ಇಂಥ ಮಾತನ್ನು ಯಾರು ಆಡುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಮೈಸೂರಿನ ಆಶೋದಯ ಸಮಿತಿಯಲ್ಲಿ ಲೈಂಗಿಕ ಕಾರ್ಯಕರ್ತೆಯರೇ ತಮ್ಮವರ ನಡುವೆ ಓಡಾಡಿ ಕಾಂಡೋಮ್, ಪರೀಕ್ಷೆ, ಚಿಕಿತ್ಸೆಯ ಮಾತು ಹೇಳಿದರು. ಇಲ್ಲಿ ಜಾತ್ರೆಯಲ್ಲಿ ಆ ಅಜ್ಜಿ ಕುರ್ಚಿ ಎಳೆದುಕೊಂಡು ಕೂತದ್ದು ಸಮಾಲೋಚಕಿ 'ಯವ್ವಾ' ಎಂದದ್ದಕ್ಕೆ. ಒಟ್ಟಿಗೆ ಉಂಡರೆ, ಒಂದೇ ನಲ್ಲಿಯ ನೀರು ಕುಡಿದರೆ, ಕೂಸನ್ನು ಎತ್ತಿಕೊಂಡರೆ ಹತ್ತುವುದಿಲ್ಲ ಎಂಬುದನ್ನು ಆ ಸಮಾಲೋಚಕಿ ಅಂದು ಬಂದವರಿಗೆಲ್ಲ ಹೇಳುತ್ತಿದ್ದರು, ಬೇಸರವಿಲ್ಲದೆ, ಪ್ರತಿಯೊಬ್ಬರಿಗೂ ಮೊದಲ ಸಲ ಹೇಳುವಷ್ಟೇ ಕಾಳಜಿಯಿಂದ. ಆ ಕೆಲಸಕ್ಕೆ ನನ್ನ ಮನಸ್ಸಿನಲ್ಲಿ ತುಂಬಾ ಗೌರವವಿದೆ.

ಕಾನೂನೂ ಈಗ ಸೋಂಕಿತರ ಬೆನ್ನಿಗಿದೆ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಕಾಯ್ದೆಯ ಪ್ರಕಾರ, ಸೋಂಕಿದೆ ಎಂಬ ಕಾರಣಕ್ಕೆ ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಹೊರಹಾಕುವ ಭೇದಭಾವ ಸಲ್ಲದು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಗುಟ್ಟು ರಟ್ಟು ಮಾಡುವಂತಿಲ್ಲ.

ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಐಸಿಟಿಸಿ ಎಂಬ ಫಲಕವಿರುವ ಎಚ್‌ಐವಿ ಪರೀಕ್ಷೆಯ ಕೋಣೆ ಎಲ್ಲಿದೆ ಎಂದು ಒಮ್ಮೆ ವಿಚಾರಿಸಿ ಇಟ್ಟುಕೊಳ್ಳಿ. ಅನುಮಾನದ ಘಟನೆ ನಡೆದು ಮೂರು ತಿಂಗಳಾಗಿರದಿದ್ದರೆ, ಈಗ ಸೋಂಕಿಲ್ಲ ಎಂದು ಬಂದರೂ ಆಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಹೋಗಲು ಸಂಕೋಚವಾದರೆ 1097ಕ್ಕೆ ಫೋನ್ ಮಾಡಿ ಕೇಳಿ, ಕರೆ ಉಚಿತ. ನಿಮ್ಮ ಓಣಿಯಲ್ಲಿ ಯಾರಾದರೂ ಇದೇ ಅಂಜಿಕೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರೆ, ಗುಳಿಗಿ ಬಂದಿದೆ ಎಂಬ ಸುದ್ದಿಯನ್ನು ದಯವಿಟ್ಟು ನೀವೇ ಹೋಗಿ ಮುಟ್ಟಿಸಿ.