ಸಣ್ಣ ತೋಟಗಾರನಿಗೆ ಜಾಲತಾಣದಿಂದ ಆಗುವ ಪ್ರಯೋಜನ

ನಮ್ಮ ರಾಜ್ಯದಲ್ಲಿ ಮಾವಿನ ಹಣ್ಣು ಮೊದಲು ಪೇಟೆಗೆ ಬರುವುದು ರಾಮನಗರ, ಚನ್ನಪಟ್ಟಣಗಳ ಕಡೆಯ ತೋಟಗಳಿಂದ. ಅಲ್ಲಿಂದ ಮೈಸೂರು ರಸ್ತೆಯಲ್ಲಿ ಹೊರಟ ವಾಹನವು ಕೆಂಗೇರಿಯನ್ನು ದಾಟಿತೆಂದರೆ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳೆಂಬ ದೊಡ್ಡ ಬಡಾವಣೆಗಳು ಹತ್ತಿರವೇ ಇರುತ್ತವೆ. ಹಣ್ಣನ್ನು ಬೆಳೆಯುವವನಿಗೂ ತಿನ್ನುವವನಿಗೂ ನಡುವೆ ಇರುವುದು ಒಂದೆರಡು ಗಂಟೆಗಳ ದಾರಿಯಷ್ಟೆ. ಹೀಗಿದ್ದರೂ ಒಬ್ಬನ ಹೆಸರು ಮತ್ತೊಬ್ಬನಿಗೆ ತಿಳಿಯದು. ಮರ ಹೂ ಬಿಟ್ಟಾಗಲೇ ಫಸಲನ್ನು ಗುತ್ತಿಗೆಗೆ ಕೊಟ್ಟುಬಿಡುವ ವಾಡಿಕೆಯು ಇನ್ನೂ ಇರುತ್ತದೆ. ಹಾಗೆ ಕೊಡದವನು ಕಾಯನ್ನು ಮಂಡಿಗೆ ಹಾಕಿ, ಅಲ್ಲಿ ಕೂಗಿದ ಧಾರಣೆಯನ್ನು ಒಪ್ಪಿಕೊಂಡು ಬರುತ್ತಾನೆ. ಬಾದಾಮಿಯನ್ನು ಎಷ್ಟೇ ಶ್ರದ್ಧೆಯಿಂದ ಬೆಳೆದಿದ್ದರೂ ರಾಶಿಗೆ ಸೇರಿದೊಡನೆ ಅದಕ್ಕೆ ಒಡೆಯನ ಗುರುತು ಇಲ್ಲವಾಗುತ್ತದೆ.

ಇದರಿಂದ ಆಗುವ ನಷ್ಟವು ಬೆಲೆಯಲ್ಲಿ ಮಾತ್ರವಲ್ಲ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಮಾಗಿಸಿದ ಹಣ್ಣನ್ನು ಮಾರಕೂಡದೆಂದು ೨೦೧೧ರ ಆಹಾರ ಸುರಕ್ಷತೆಯ ನಿಯಮಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ ಅಂತಹ ಹಣ್ಣಿನ ಭಯವು ಪಟ್ಟಣದ ಗೃಹಸ್ಥರನ್ನು ಬಿಟ್ಟಿಲ್ಲ. ಹುಲ್ಲಿನ ಅಡೆಯಲ್ಲಿ ಮಾಗಿಸಿದ ಪ್ರಾಮಾಣಿಕನ ಹಣ್ಣನ್ನೂ ಅವರು ಅದೇ ಸಂಶಯದಿಂದಲೇ ನೋಡುತ್ತಾರೆ. ಯಾರ ತೋಟದ್ದೆಂದು ತಿಳಿಯದಿರುವಾಗ ಬೇರೆ ಏನು ಮಾಡಿಯಾರು?

ಈ ಕೊರತೆಯನ್ನು ನೀಗಲು ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ನಡೆಸಿದ ಪ್ರಯತ್ನವು ಗಮನಾರ್ಹವಾದುದು. ನಿಗಮದ ‘ಕರ್‌ಸಿರಿ ಮ್ಯಾಂಗೋಸ್’ ಎಂಬ ಜಾಲತಾಣದಲ್ಲಿ ಬೆಳೆಗಾರರ ಹಣ್ಣುಗಳನ್ನು ತಳಿವಾರಾಗಿ ತೋರಿಸಿ, ಗಿರಾಕಿಗಳು ಮನೆಯಿಂದಲೇ ಬೇಡಿಕೆ ಸಲ್ಲಿಸುವಂತೆ ಮಾಡಲಾಯಿತು. ೨೦೧೯ರಿಂದ ಅಂಚೆ ಇಲಾಖೆಯೂ ಇದಕ್ಕೆ ಕೈಜೋಡಿಸಿತು. ಬೆಳೆಗಾರನು ೩ ಕಿಲೋಗ್ರಾಮಿನ ಪೆಟ್ಟಿಗೆಗಳನ್ನು ತಾನೇ ಕಟ್ಟಿ ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಗೆ ಒಪ್ಪಿಸುವುದು, ಅಂಚೆಯವರು ಅವನ್ನು ಮನೆಗಳಿಗೆ ಮುಟ್ಟಿಸುವುದು, ಇದೇ ಏರ್ಪಾಟು. ೨೦೨೦ರಲ್ಲಿ ಕೋವಿಡ್ ನಿರ್ಬಂಧಗಳಿಂದ ಪೇಟೆಯ ವ್ಯವಹಾರವು ಸ್ತಬ್ಧವಾದಾಗ ಇಂತಹ ನೇರ ಮಾರಾಟದ ಬೆಲೆ ಎಷ್ಟೆಂಬುದು ಅನೇಕರಿಗೆ ಮನದಟ್ಟಾಯಿತು.

ವರ್ತಮಾನವು ಹರಡಿದಷ್ಟೂ ಧಾರಣೆಯು ಸುಧಾರಿಸುವುದಕ್ಕೆ ಆಧಾರಗಳಿಲ್ಲದೆ ಇಲ್ಲ. ೨೦೧೪ರಲ್ಲಿ ಕರ್ನಾಟಕವು ತನ್ನ ಕೃಷಿ ಮಾರುಕಟ್ಟೆಗಳನ್ನು ಗಣಕಯಂತ್ರದ ಮೂಲಕ ಒಂದುಗೂಡಿಸುವ ವ್ಯವಸ್ಥೆಯನ್ನು ಆರಂಭಿಸಿತಷ್ಟೆ. ಅದರ ಫಲವನ್ನು ಪರಿಶೀಲಿಸಿ ೨೦೨೦ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಧಾರಣೆಯು ಭತ್ತಕ್ಕೆ ಶೇಕಡ ೫.೧, ನೆಲಗಡಲೆಗೆ ೩.೬, ಮುಸುಕಿನ ಜೋಳಕ್ಕೆ ೩.೫ರಂತೆ ಏರಿತು. ನೆರೆಯ ಕೇರಳದಲ್ಲಿ ೧೯೯೭ರಿಂದೀಚೆಗೆ ಮೀನುಗಾರರ ಕೈಗೆ ಮೊಬೈಲ್ ಫೋನು ಬಂದಾಗ ಅವರ ಲಾಭವು ಸುಮಾರು ಶೇಕಡ ೮ರಷ್ಟು ಹೆಚ್ಚಿತು. ಕೊಳ್ಳುವವರಿಗೆ ಬೆಲೆಯು ಶೇಕಡ ೪ರಷ್ಟು ಇಳಿಯಿತು. ಇವು ಮಂಡಿಯ ಮತ್ತು ಬಂದರಿನ ಲೆಕ್ಕಗಳು. ಒಂದೊಂದು ತೋಟದ ಸ್ವಂತ ಜಾಲತಾಣಕ್ಕೂ ಇಷ್ಟೇ ಫಲವೆಂದು ಎಣಿಸಕೂಡದು.

ಸ್ವಂತ ಜಾಲತಾಣದ ವಿಶೇಷವೇನೆಂದರೆ, ಗಿರಾಕಿಯು ಬೆಳೆಗಾರನ ಪಾಲಿಗೆ ಉಳಿಯುತ್ತಾನೆ. ದೊಡ್ಡ ಕಂಪನಿಗಳ ಮಾರಾಟತಾಣದಲ್ಲಿ ಕಮಿಷನ್ ಕೊಡಬೇಕಾಗುವುದಲ್ಲದೆ, ಕೊಂಡವರ ವಿಳಾಸವೂ ಸಾಮಾನ್ಯವಾಗಿ ಆ ಕಂಪನಿಯಲ್ಲಿಯೇ ನಿಲ್ಲುತ್ತದೆ. ಈ ವರ್ಷ ಬಸವೇಶ್ವರನಗರದಲ್ಲಿ ಮಲ್ಲಿಕಾ ತಿಂದು ಮೆಚ್ಚಿದ ಮನೆಯವರು ಮುಂದಿನ ವರ್ಷ ಅದೇ ತೋಟವನ್ನು ಹುಡುಕಿಕೊಂಡು ಬರಬೇಕಾದರೆ ಆ ತೋಟಕ್ಕೆ ಒಂದು ಹೆಸರೂ ಠಿಕಾಣಿಯೂ ಬೇಕು. ಮಾವು ಮುಗಿದ ಮೇಲೆ ಅದೇ ಠಿಕಾಣಿಯಿಂದ ರಾಗಿ, ಹುಣಿಸೆ, ತೆಂಗಿನಕಾಯಿಗಳನ್ನೂ ಮಾರಬಹುದು.

ಜಾಲತಾಣದಲ್ಲಿ ಊರು, ಹೋಬಳಿ, ತಳಿಗಳು, ಕೊಯ್ಲಿನ ವಾರ, ಮಾಗಿಸುವ ಕ್ರಮ, ಸಾಗಣೆಯೂ ಸೇರಿದ ಬೆಲೆ, ದೂರವಾಣಿ ಸಂಖ್ಯೆ ಇಷ್ಟಿದ್ದರೆ ಸಾಕು. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇರಲಿ. ‘.ಭಾರತ’ ಎಂದು ಮುಗಿಯುವ ಕನ್ನಡ ಲಿಪಿಯ ವಿಳಾಸವನ್ನೂ ಪಡೆಯಬಹುದು. ಚಿತ್ರಗಳು ಆ ತೋಟದವೇ ಆಗಿರತಕ್ಕದ್ದು. ಯಾವುದೋ ದೇಶದ ಹಣ್ಣಿನ ಚಿತ್ರವನ್ನು ಎತ್ತಿ ಹಾಕುವುದು ಈಗ ಬಹಳವಾಗಿ ಕಾಣಬರುವ ದುರಭ್ಯಾಸ. ಹಣ್ಣು ಮುಗಿದ ದಿನವೇ ‘ಮುಗಿಯಿತು’ ಎಂದು ಬರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವಿಳಾಸವನ್ನು ತೋಟದ ಒಡೆಯನ ಹೆಸರಿನಲ್ಲಿಯೇ ನೋಂದಾಯಿಸಿ, ಗುಪ್ತಪದವನ್ನು ಆತನೇ ಇಟ್ಟುಕೊಳ್ಳತಕ್ಕದ್ದು. ಕಟ್ಟಿಕೊಟ್ಟ ಹುಡುಗನ ಹೆಸರಿನಲ್ಲಿದ್ದರೆ, ಅವನು ಬೇರೆ ಊರಿಗೆ ಹೋದಾಗ ಠಿಕಾಣಿಯೂ ಹೋದಂತೆಯೇ. ಅವಧಿ ಮುಗಿಯುವ ಮೊದಲು ಶುಲ್ಕವನ್ನು ಕಟ್ಟಿ ನವೀಕರಿಸುವುದನ್ನೂ ಮರೆಯಕೂಡದು.

ಇಡೀ ಫಸಲನ್ನು ಹೀಗೆ ಮಾರಿಬಿಡಬಹುದೆಂದು ಭಾವಿಸುವುದು ತಪ್ಪು. ಪೆಟ್ಟಿಗೆ, ಆಳು, ಸಾಗಣೆಯ ಖರ್ಚುಗಳಿವೆ. ದಾರಿಯಲ್ಲಿ ಕೆಟ್ಟ ಹಣ್ಣಿಗೆ ಬದಲು ಕೊಡಬೇಕಾಗುತ್ತದೆ. ಸಣ್ಣ ಕಾಯಿ, ಕಲೆಬಿದ್ದ ಕಾಯಿ ಮಂಡಿಗೇ ಹೋಗಬೇಕು. ಮೊದಲ ವರ್ಷ ಉತ್ತಮ ದರ್ಜೆಯ ಸ್ವಲ್ಪ ಭಾಗವನ್ನು ಮಾತ್ರ ಇದಕ್ಕೆಂದು ಮೀಸಲಿಟ್ಟು, ಲೆಕ್ಕವನ್ನು ಬೇರೆಯಾಗಿ ಬರೆದಿಡುವುದು ವಿವೇಕ. ಎರಡು ಮೂರು ಎಕರೆಯ ಹಿಡುವಳಿದಾರನೊಬ್ಬನಿಗೆ ಇದೂ ಭಾರವೆನಿಸಬಹುದು. ಅಂತಹ ಕಡೆ ಊರಿನ ಮುಖಂಡರು ಮುಂದೆ ಬಿದ್ದು, ಹತ್ತಾರು ತೋಟಗಳವರನ್ನು ಸಹಕಾರ ಸಂಘವಾಗಿಯೋ ರೈತ ಉತ್ಪಾದಕರ ಕಂಪನಿಯಾಗಿಯೋ ಕೂಡಿಸಿ, ಊರಿನ ಹೆಸರಿನಲ್ಲಿಯೇ ಒಂದು ಜಾಲತಾಣವನ್ನು ಮಾಡಿಸಬಹುದು. ಪ್ರತಿ ಪೆಟ್ಟಿಗೆಯ ಮೇಲೆ ಬೆಳೆದವನ ಹೆಸರು ಇರಲಿ. ಈ ಕೆಲಸವನ್ನು ಮರಗಳು ಹೂ ಬಿಡುವ ಮೊದಲೇ, ಗುತ್ತಿಗೆಯವರು ಮುಂಗಡ ಹಿಡಿದು ಬರುವುದರೊಳಗಾಗಿ ಮುಗಿಸಿಕೊಳ್ಳತಕ್ಕದ್ದು.