ಹೊಸ ಕಂಪ್ಯೂಟರ್ ಏಕೆ ಏಳಲಿಲ್ಲ?

ಕಂಪ್ಯೂಟರ್ ಆನ್ ಆಗಿ ಕೆಲಸಕ್ಕೆ ಏಳುವುದನ್ನು ಇಂಗ್ಲಿಷಿನಲ್ಲಿ ಬೂಟ್ ಆಗುವುದು ಅನ್ನುತ್ತಾರೆ. ಕಾಲಿಗೆ ಹಾಕುವ ಬೂಟಿಗೂ ಇದಕ್ಕೂ ಸಂಬಂಧ ಇದೆ. ಉದ್ದ ಬೂಟಿನ ಹಿಂದೆ ಎಳೆದುಕೊಳ್ಳಲು ಒಂದು ಪಟ್ಟಿ ಇರುತ್ತದೆ. ಆ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಅಂತ ಅವರಲ್ಲಿ ಒಂದು ಮಾತು. ನಮ್ಮ ಕಡೆ ಹೇಳುವುದಾದರೆ ತನ್ನ ಜುಟ್ಟು ತಾನೇ ಹಿಡಿದು ಎದ್ದ ಹಾಗೆ. ಕಂಪ್ಯೂಟರಿಗೆ ಕೆಲಸ ಹೇಳುವ ಪ್ರೋಗ್ರಾಂ ಡಿಸ್ಕಿನಲ್ಲಿದೆ. ಆದರೆ ಡಿಸ್ಕನ್ನು ಓದುವುದಕ್ಕೂ ಒಂದು ಪ್ರೋಗ್ರಾಂ ಬೇಕಲ್ಲ! ಅದಕ್ಕೆ ಮದರ್‌ಬೋರ್ಡಿನ ಮೇಲೆ ಒಂದು ಸಣ್ಣ ಚಿಪ್ಪಿನಲ್ಲಿ ಬಯಾಸ್ ಎಂಬ ಚಿಕ್ಕ ಪ್ರೋಗ್ರಾಮನ್ನು ಕರೆಂಟು ಹೋದರೂ ಅಳಿಸದ ಹಾಗೆ ಬರೆದಿಟ್ಟಿರುತ್ತಾರೆ. ಪ್ರೊಸೆಸರ್ ಎದ್ದ ಕೂಡಲೇ ಓದುವುದು ಅದನ್ನು.

ಇದೆಲ್ಲಾ ನನಗೆ ಗೊತ್ತಾಗಿದ್ದು ನಮ್ಮ ಅಣ್ಣನಿಂದ. ಅವನು ತಾಲ್ಲೂಕಿನಲ್ಲಿ ಒಂದು ರಿಪೇರಿ ಅಂಗಡಿಯಲ್ಲಿ ಎರಡು ವರ್ಷ ಕೆಲಸಕ್ಕಿದ್ದ. ಈಗ ಊರಲ್ಲೇ ಪಹಣಿ ಪ್ರಿಂಟು, ಅರ್ಜಿ ಹಾಕೋದು, ಜೆರಾಕ್ಸು ಅಂತ ಸ್ವಂತ ಅಂಗಡಿ ಇಡಬೇಕು ಅಂತ ಹೊರಟಿದ್ದಾನೆ. ಅವ್ವ ಸಂಘದಲ್ಲಿ 30 ಸಾವಿರ ಸಾಲ ತೆಗೆದುಕೊಟ್ಟಳು. ಅಣ್ಣ ಬಿಡಿ ಸಾಮಾನು ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿದ. ಕ್ಯಾಬಿನೆಟ್ ಮಾತ್ರ ಹಳೇದು, ಮಿಕ್ಕಿದ್ದೆಲ್ಲಾ ಹೊಸದು. ಸ್ವಿಚ್ ಒತ್ತಿದರೆ ಫ್ಯಾನು ಅರ್ಧ ಸುತ್ತು ತಿರುಗಿ ನಿಂತುಹೋಯಿತು! ಇನ್ನೊಮ್ಮೆ ಒತ್ತಿದರೆ ಅದೂ ಇಲ್ಲ. ಅವ್ವ ಒಲೆ ಮುಂದಿನಿಂದ ಎದ್ದು ಬಂದು "ಸುಟ್ಟೋಯ್ತೇನೋ ಮಗ?" ಅಂದಳು. ಬೋರ್ಡು ಒಂದಕ್ಕೇ 8 ಸಾವಿರ. ಸುಟ್ಟಿದ್ದರೆ ವಾಪಸ್ ತಗೊಳ್ಳಲ್ಲ ಅಂತ ಅಂಗಡಿಯವರು ಮೊದಲೇ ಹೇಳಿದ್ದರು. ಸಂಘದ ಕಂತು ಮಾತ್ರ ವಾರವಾರ ಕಟ್ಟಲೇಬೇಕು.

ಬೋರ್‌ವೆಲ್ ಮೋಟರು ಓಡದಿದ್ದರೆ ಯಾರೂ ಮೊದಲೇ ಪೈಪು ಮೇಲೆತ್ತುವುದಿಲ್ಲ. ಫ್ಯೂಸು ನೋಡುತ್ತಾರೆ, ಸ್ಟಾರ್ಟರು ನೋಡುತ್ತಾರೆ, ಕೊನೆಗೆ ಮೋಟರು. ಇಲ್ಲಿಯೂ ಹಾಗೇ. ಅದಕ್ಕೆ ಸ್ವಿಚ್ ಒತ್ತಿದ ಮೇಲೆ ಏನೇನಾಗುತ್ತೆ ಅನ್ನೋದು ಗೊತ್ತಿರಬೇಕು. ಎಸ್‌ಎಂಪಿಎಸ್ ಅನ್ನುವ ಕಬ್ಬಿಣದ ಡಬ್ಬಿ ಮನೆಯ 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸುತ್ತದೆ. ಅದು ಸರಿಯಾಗಿ ನಿಂತ ಮೇಲೆ ಬೋರ್ಡಿಗೆ "ಕರೆಂಟು ಸರಿ ಇದೆ" ಅಂತ ಒಂದು ಸೂಚನೆ ಕೊಡುತ್ತದೆ. ಆಗ ಪ್ರೊಸೆಸರ್ ಏಳುತ್ತದೆ, ಬಯಾಸ್ ಓದುತ್ತದೆ. ಬಯಾಸ್ ನಮ್ಮ ಮೇಷ್ಟ್ರು ಹಾಜರಿ ಕರೆದ ಹಾಗೆ ಪ್ರೊಸೆಸರ್, ರ್‍ಯಾಮ್, ಚಿತ್ರ ತೋರಿಸುವ ಭಾಗ, ಡಿಸ್ಕ್ ಎಲ್ಲರನ್ನೂ ಕರೆಯುತ್ತದೆ. ಮುಖ್ಯವಾದವರು ಯಾರಾದರೂ "ಬಂದೆ" ಅನ್ನದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಈ ಹಾಜರಿಗೆ ಪೋಸ್ಟ್ ಅಂತ ಹೆಸರು (ಅಂಚೆ ಅಲ್ಲ!). 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲೂ ಇದು ಇತ್ತಂತೆ.

ನಮ್ಮದು ಹಾಜರಿವರೆಗೂ ಹೋಗಲಿಲ್ಲ. ಫ್ಯಾನು ಅರ್ಧ ಸುತ್ತಿಗೇ ನಿಂತರೆ ಎಲ್ಲೋ ಶಾರ್ಟ್ ಆಗಿದೆ ಅಂತ ಅನುಮಾನ ಪಡಬೇಕಂತೆ. ಶಾರ್ಟ್ ಆದರೆ ಎಸ್‌ಎಂಪಿಎಸ್ ತಾನೇ ಕರೆಂಟು ನಿಲ್ಲಿಸಿಬಿಡುತ್ತದೆ. ಪ್ಲಗ್ಗು ಕಿತ್ತು ಸ್ವಲ್ಪ ಹೊತ್ತು ಬಿಟ್ಟರೆ ಮಾತ್ರ ಮತ್ತೆ ಕೊಡುತ್ತದೆ. ಎರಡನೇ ಸಲ ಒತ್ತಿದಾಗ ಏನೂ ಆಗದೇ ಇದ್ದದ್ದು ಇದಕ್ಕೇ ಅಂತ ಆಮೇಲೆ ಅಣ್ಣ ಹೇಳಿದ.

ಅವನು ಪ್ಲಗ್ಗು ಕಿತ್ತು ವೈರುಗಳನ್ನು ನೋಡಿದ. ಬೋರ್ಡಿಗೆ 24 ಪಿನ್ನಿನ ದಪ್ಪ ವೈರು ಒಂದು, ಪ್ರೊಸೆಸರಿಗೆಂದೇ 8 ಪಿನ್ನಿನದು ಇನ್ನೊಂದು. ಈ 8 ಪಿನ್ನಿನದು ಹಾಕದಿದ್ದರೆ ಫ್ಯಾನೆಲ್ಲಾ ತಿರುಗುತ್ತೆ, ಕಂಪ್ಯೂಟರ್ ಮಾತ್ರ ಏಳಲ್ಲ. ಎರಡೂ ಸರಿಯಾಗಿದ್ದವು. ಆಮೇಲೆ ಬೋರ್ಡನ್ನೇ ಕ್ಯಾಬಿನೆಟ್ಟಿನಿಂದ ಬಿಚ್ಚಿ, ಅದು ಬಂದಿದ್ದ ರಟ್ಟಿನ ಡಬ್ಬಿಯ ಮೇಲಿಟ್ಟ. ಪ್ರೊಸೆಸರು, ಅದರ ಫ್ಯಾನು, ಒಂದೇ ಒಂದು ರ್‍ಯಾಮ್, ಇಷ್ಟೇ ಉಳಿಸಿ ಮಿಕ್ಕಿದ್ದೆಲ್ಲಾ ಕಿತ್ತ. ನಾನು ಟಾರ್ಚ್ ಹಿಡಿದಿದ್ದೆ. ಕ್ಯಾಬಿನೆಟ್ಟಿನ ಸ್ವಿಚ್ ಈಗ ಇಲ್ಲವಲ್ಲ, ಅದಕ್ಕೆ ಬೋರ್ಡಿನಲ್ಲಿ ಸ್ವಿಚ್ಚಿನ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿ ಒಂದು ಕ್ಷಣ ಮುಟ್ಟಿಸಿದ. ಆ ಪಿನ್ನುಗಳಲ್ಲಿ 5 ವೋಲ್ಟಿಗಿಂತ ಹೆಚ್ಚಿರುವುದಿಲ್ಲ. ಆದರೂ ಪಕ್ಕದ ಪಿನ್ನು ಮುಟ್ಟಬಾರದು, ಕಲಿತವರೇ ಮಾಡಬೇಕು.

ಫ್ಯಾನು ತಿರುಗಿತು, ನಿಲ್ಲಲಿಲ್ಲ! ಹಾಗಾದರೆ ಬೋರ್ಡು ಸುಟ್ಟಿಲ್ಲ, ತಪ್ಪು ಕ್ಯಾಬಿನೆಟ್ಟಿನಲ್ಲಿದೆ. ಖಾಲಿ ಕ್ಯಾಬಿನೆಟ್ಟಿಗೆ ಟಾರ್ಚ್ ಬಿಟ್ಟು ನೋಡಿದರೆ ಸಿಕ್ಕಿತು. ಬೋರ್ಡು ಕಬ್ಬಿಣಕ್ಕೆ ತಾಗಬಾರದು ಅಂತ ಕೆಳಗೆ ಹಿತ್ತಾಳೆಯ ಗಿಡ್ಡ ಕಾಲುಗಳನ್ನು ತಿರುಚಿರುತ್ತಾರೆ. ಬೋರ್ಡಿನಲ್ಲಿ ಎಲ್ಲಿ ತೂತಿದೆಯೋ ಅಲ್ಲಿ ಮಾತ್ರ ಕಾಲು ಇರಬೇಕು. ಈ ಕ್ಯಾಬಿನೆಟ್ಟಿನಲ್ಲಿ ಹಿಂದೆ ಇದ್ದದ್ದು ಚಿಕ್ಕ ಬೋರ್ಡು, ಅಣ್ಣ ತಂದದ್ದು ದೊಡ್ಡದು. ಹಳೇ ಬೋರ್ಡಿನ ಒಂದು ಕಾಲು ಹೊಸದಕ್ಕೆ ತೂತೇ ಇಲ್ಲದ ಕಡೆ ನಿಂತು, ಬೋರ್ಡಿನ ಬೆನ್ನಲ್ಲಿರುವ ಬೆಸುಗೆಗೆ ತಾಗುತ್ತಿತ್ತು. ಕಡಲೆಕಾಳಿನಷ್ಟು ಹಿತ್ತಾಳೆ ಸಾರ್, ಇಡೀ ಮನೆಯನ್ನು ಹೆದರಿಸಿಬಿಟ್ಟಿತ್ತು. ಅಣ್ಣ ಅದನ್ನು ಇಕ್ಕುಳದಲ್ಲಿ ತಿರುಗಿಸಿ ತೆಗೆದ.

ಇನ್ನೂ ಮುಗಿಯಲಿಲ್ಲ. ಫ್ಯಾನು ತಿರುಗುತ್ತಿದೆ, ಮಾನಿಟರು ಮಾತ್ರ ಕಪ್ಪಗಿದೆ. ಈಗಿನ ಎಷ್ಟೋ ಬೋರ್ಡುಗಳಲ್ಲಿ ನಾಲ್ಕು ಸಣ್ಣ ದೀಪ ಇರುತ್ತವೆ, ಹಾಜರಿ ಎಲ್ಲಿ ನಿಂತಿತು ಅಂತ ತೋರಿಸುವುದಕ್ಕೆ. ನಮ್ಮದರಲ್ಲಿ ರ್‍ಯಾಮಿನ ದೀಪ ಉರಿಯುತ್ತಿತ್ತು. ದೀಪ ಇಲ್ಲದ ಬೋರ್ಡುಗಳಲ್ಲಿ ಪೀಪೀ ಶಬ್ದ ಎಣಿಸಬೇಕು, ಅದು ಒಂದೊಂದು ಕಂಪೆನಿಗೆ ಒಂದೊಂದು ಲೆಕ್ಕ, ದೀಪವೇ ವಾಸಿ. ಈ ರ್‍ಯಾಮು ಡಿಡಿಆರ್ 4, ಅದರ ಅಂಚಿನಲ್ಲಿ ಚಿನ್ನದ ಬಣ್ಣದ 288 ಗೆರೆಗಳಿವೆ. ಪಟ್ಟಿ ಒಂದು ಕಡೆ ಸ್ವಲ್ಪ ಮೇಲೆದ್ದು ಕೂತರೂ ಸಾಕು, ಎಲ್ಲಾ ಗೆರೆಯೂ ತಾಗುವುದಿಲ್ಲ. ಅಣ್ಣ ಪ್ಲಗ್ಗು ಕಿತ್ತು, ರ್‍ಯಾಮ್ ತೆಗೆದು, ಟಕ್ ಅಂತ ಸದ್ದಾಗುವವರೆಗೆ ಒತ್ತಿ ಕೂರಿಸಿದ. ಹೊಸಬರಿಗೆ ಅಷ್ಟು ಜೋರಾಗಿ ಒತ್ತಲು ಭಯ ಆಗುತ್ತೆ, ಆದರೆ ಒತ್ತಲೇಬೇಕು. ಹಳೇ ರ್‍ಯಾಮಿಗೆ ಪೆನ್ಸಿಲ್ ರಬ್ಬರಿನಿಂದ ಉಜ್ಜುವುದೂ ಉಂಟು, ಹೊಸದಕ್ಕೆ ಬೇಕಾಗಿಲ್ಲ.

ಮತ್ತೆ ಮುಟ್ಟಿಸಿದ. ದೀಪ ಆರಿತು, ಮಾನಿಟರಿನಲ್ಲಿ ಅಕ್ಷರ ಬಂತು. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ನಿಂತು ನೋಡಿದಳು.

ರ್‍ಯಾಮ್ ಸರಿ ಇದ್ದೂ ಕಪ್ಪಗೇ ಇದ್ದರೆ ಮಾನಿಟರಿನ ವೈರು ಎಲ್ಲಿ ಹಾಕಿದ್ದೀರಿ ನೋಡಬೇಕು. ಅಣ್ಣ ತಂದಿದ್ದ ರೈಝನ್ 5 5600ಜಿ ಪ್ರೊಸೆಸರಿನ ಒಳಗೇ ಚಿತ್ರದ ಭಾಗ ಇದೆ, ವೈರು ಬೋರ್ಡಿಗೇ ಹಾಕಬಹುದು. ಇಂಟೆಲ್ಲಿನ ಐ3-12100ಎಫ್ ತರಹ ಕೊನೆಯಲ್ಲಿ ಎಫ್ ಇರುವುದರಲ್ಲಿ ಅದು ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡು ಬೇಕು, ವೈರನ್ನೂ ಆ ಕಾರ್ಡಿಗೇ ಹಾಕಬೇಕು. ಪ್ರೊಸೆಸರ್ ತೀರಾ ಹೊಸದಾಗಿ, ಬೋರ್ಡಿನ ಬಯಾಸ್ ಹಳೇದಾಗಿದ್ದರೆ ಒಂದಕ್ಕೊಂದು ಗುರುತು ಸಿಗದೆಯೂ ನಿಲ್ಲುತ್ತದೆ.

ಕೊನೆಗೆ "ಬೂಟ್ ಮಾಡಲು ಡಿಸ್ಕ್ ಇಲ್ಲ" ಅಂತ ಇಂಗ್ಲಿಷಿನಲ್ಲಿ ಬಂದರೆ ಗಾಬರಿ ಬೇಡ. ಹೊಸ ಡಿಸ್ಕ್ ಹೊಸ ಪಾಟಿಯಂತೆ ಖಾಲಿ ಇರುತ್ತೆ. 8 ಜಿಬಿ ಪೆನ್‌ಡ್ರೈವಿನಿಂದ ವಿಂಡೋಸ್ ಅಥವಾ ಲಿನಕ್ಸ್ ಹಾಕಬೇಕು, ಅಣ್ಣ ಲಿನಕ್ಸ್ ಹಾಕಿದ, ಅದಕ್ಕೆ ದುಡ್ಡಿಲ್ಲ.

ಯಾರೂ ಮನೆಯಲ್ಲಿ ಎಸ್‌ಎಂಪಿಎಸ್ ಡಬ್ಬಿ ಬಿಚ್ಚಬೇಡಿ. ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ಕರೆಂಟು ಉಳಿದಿರುತ್ತದೆ. ಹಿತ್ತಾಳೆ ಕಾಲು ಮತ್ತು ಒಂದು ಕೆಟ್ಟ ರ್‍ಯಾಮ್ ನನ್ನ ಜಾಮಿಟ್ರಿ ಬಾಕ್ಸಿನಲ್ಲಿವೆ, ನೋಡಬೇಕಾದವರು ಊಟದ ಬೆಲ್ಲಿನಲ್ಲಿ ಬನ್ನಿ.

— 7ನೇ ತರಗತಿ ವಿದ್ಯಾರ್ಥಿನಿ